ತಟ್ಟೆ ಹೊರದ ಬೆನ್ನು

ಠಣ್, ಠಣ್, ಠಣ್. ಗ್ಯಾಸಿನವನು ಸ್ಪ್ಯಾನರಿನಿಂದ ಸಿಲಿಂಡರಿಗೆ ಬಡಿಯುತ್ತ, ಕತ್ತೆಗಾಡಿ ಹೊಡೆದುಕೊಂಡು ಓಣಿಗೆ ಬಂದ.

"ಏಳ್ರಮ್ಮಾ, ನಾಳೆ ಹಬ್ಬ! ಸತ್ತವರನ್ನಾದ್ರೂ ಎಬ್ಬಿಸ್ತೀನಿ, ನಿಮ್ಮ ಒಲೆ ಆರೋಕೆ ಬಿಡಲ್ಲ!"

ನಜ್ಲಾ ಬೆಚ್ಚಿ ಎದ್ದು ಕೂತಳು. ಉಪವಾಸ ಹಿಡಿಯುವ ಮೊದಲು, ನಸುಕಿನ ಸಹರಿ ಊಟದ ಜೊತೆ ನುಂಗಿದ ಕೆಂಪು ಮಾತ್ರೆಯ ಮಂಪರು ಇನ್ನೂ ರೆಪ್ಪೆಗೆ ಅಂಟಿತ್ತು. ಹಬ್ಬದ ಕಹ್ಕ್ ಬಿಸ್ಕತ್ತು ಜೋಡಿಸಿಟ್ಟ ತಗಡಿನ ತಟ್ಟೆಗಳು ನೆಲದ ಮೇಲಿದ್ದವು. ಬೇರೆ ಮನೆಯವರ ತಟ್ಟೆಗಳ ಜೊತೆ ಬೆರೆಯದಿರಲೆಂದು ಪ್ರತಿಯೊಂದಕ್ಕೂ ಹಸಿರು ಬಟ್ಟೆಯ ಚೂರು ಕಟ್ಟಿತ್ತು. ಅವುಗಳಲ್ಲಿ ಒಂದು ಇರಲಿಲ್ಲ, ಮಗಳೂ ಇರಲಿಲ್ಲ.

"ಅಮ್ಮಾ, ರಿತಾಜ್ ಎಲ್ಲಿ?"

ತಾಯಿ ಹಮೀದಾ ಹಿಟ್ಟಿನಿಂದ ತಲೆ ಎತ್ತಲಿಲ್ಲ. "ಭಟ್ಟಿಗೆ ಕಳಿಸ್ದೆ, ಈಗಷ್ಟೇ ಹೋದ್ಲು. ನಿನ್ನ ಬೆನ್ನು ತಟ್ಟೆ ಹೊರಲ್ಲ, ನನ್ನ ಮಂಡಿ ಏಳಲ್ಲ. ಹನ್ನೆರಡಾಯ್ತು ಅವಳಿಗೆ. ಹೊತ್ರೆ ಸವೆದು ಹೋಗ್ತಾಳಾ?"

ಎಲ್ಲ ಮನೆಯವರೂ ಬಿಸ್ಕತ್ತು ಬೇಯಿಸಿಕೊಳ್ಳುವ ಓಣಿಯ ಕೊನೆಯ ಭಟ್ಟಿ ಮೆತ್ವಲ್ಲಿಯದು. ನಜ್ಲಾಳಿಗೆ ದೊಡ್ಡಪ್ಪ. ರಿತಾಜಳ ವಯಸ್ಸಿನಲ್ಲೇ ಅವಳೂ ಹೀಗೊಂದು ತಟ್ಟೆ ಹೊತ್ತು ಹೋಗಿದ್ದಳು. ಹೊರಗೆ ಹೆಂಗಸರ ಸಾಲು, ನಗು, ತುಪ್ಪದ ಘಮ. "ಒಳಗಿಂದ ಎಳ್ಳು ತಂದುಕೊಡು ಮಗಳೇ" ಎಂದ. ಒಳಗೆ ಹಿಟ್ಟಿನ ಮೂಟೆಗಳ ಕೋಣೆ. ಹಿಂದೆಯೇ ಬಂದು ಅವನು ಬಾಗಿಲು ಹಾಕಿದ.

ಮನೆಗೆ ಬಂದು ಎಲ್ಲ ಹೇಳಿದಾಗ ತಾಯಿ ಮಾಡಿದ್ದು ಒಂದೇ ಕೆಲಸ. ಅವಳ ಬೆನ್ನಿಗೆ ಮೆತ್ತಿದ್ದ ಹಿಟ್ಟನ್ನು ಕೊಡವಿದಳು. "ನಿಮ್ಮಪ್ಪನ ಕಿವಿಗೆ ಬಿದ್ರೆ ಕೊಲೆಯಾಗುತ್ತೆ" ಎಂದಳು. ಆ ಬೆನ್ನು ಅಂದಿನಿಂದ ನೋಯುತ್ತಿದೆ.

ದೆವ್ವ ಹೊಕ್ಕಿದೆಯೆಂದು, ಅದನ್ನು ಬಿಡಿಸುವ ಝಾರ್‌ ಡೋಲುಗಳ ಮುಂದೆ ಕೂರಿಸಿ, ಕಪ್ಪು ಕೋಳಿಯ ರಕ್ತ ಹಚ್ಚಿದರು. ಮದುವೆಯಾದ ಮೇಲೆ ಗಂಡ ಮುಟ್ಟಿದರೆ ಕಲ್ಲಾಗುತ್ತಿದ್ದಳು. ಅವನು ಮಗುವಿನ ಸಮೇತ ಅವಳನ್ನು ತವರಿಗೆ ಬಿಟ್ಟು ಹೋದ. ಡಾಕ್ಟರು ಎಲ್ಲಿ ನೋವೆಂದು ಕೇಳಿದರು, ಎಂದಿನಿಂದ ಎಂದು ಕೇಳಲಿಲ್ಲ. ಬರೆದುಕೊಟ್ಟ ನೋವಿನ ಕೆಂಪು ಮಾತ್ರೆ ಬೆನ್ನಿಗಿಂತ ಮೊದಲು ಆ ಕೋಣೆಯನ್ನು ಮರೆಸಿತು. ಚೀಟಿಯ ಅವಧಿ ಮುಗಿದ ಮೇಲೆ ಹೊಲಿಗೆ ಕಾರ್ಖಾನೆಯ ಗೆಳತಿಯರು ತಂದುಕೊಟ್ಟರು. ಯಂತ್ರದ ಮುಂದೆ ಕೂತವರಲ್ಲಿ ಬಹಳ ಮಂದಿ ಅದನ್ನು ನುಂಗುವವರೇ. ಈಗ ಒಂದು ಹೊತ್ತು ತಪ್ಪಿದರೂ ಮೈ ಬೆವರುತ್ತದೆ.

ನೋವು ಮಾತ್ರ ಒಂದು ಉಪಕಾರ ಮಾಡಿತ್ತು. "ಬೆನ್ನು, ಆಗಲ್ಲ" ಎಂದರೆ ಭಟ್ಟಿಗೆ ಹೋಗುವುದು ತಪ್ಪುತ್ತಿತ್ತು. ಅದೇ ನೆಪ ಇಂದು ಮಗಳ ತಲೆಯ ಮೇಲೆ ತಟ್ಟೆ ಹೊರಿಸಿದೆ.

"ಗೊತ್ತಿದ್ದೂ ಕಳಿಸಿದೆಯಾ?"

"ಯಾವ ಕಾಲದ ಮಾತು! ಈಗ ಅವರು ಹಾಜಿ. ಕಾಬಾ ಮುಟ್ಟಿ ಬಂದವರು."

"ಕಾಬಾ ಮುಟ್ಟಿದ್ರೆ ಕೈ ಬದಲಾಗುತ್ತಾ ಅಮ್ಮಾ?"

"ಉಪವಾಸದಲ್ಲಿ ಇಂಥ ಮಾತು ಬೇಡ ಕಣೇ. ಮಾತ್ರೆ ತಿಂದು ತಲೆ ಕೆಟ್ಟಿದೆ ನಿಂಗೆ."

"ಕೆಟ್ಟಿದೆ. ಅದಕ್ಕೇ ಇಷ್ಟು ವರ್ಷ ಮಲಗಿದ್ದೆ. ನಿಂಗೂ ಅನುಕೂಲವಾಗಿತ್ತು."

ಹಮೀದಾಳ ಕೈ ಹಿಟ್ಟಿನಲ್ಲೇ ನಿಂತಿತು. ನಜ್ಲಾ ಬಗ್ಗಿ ಒಂದು ತಟ್ಟೆ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಬೆನ್ನು ಚುಳ್ಳೆಂದಿತು. ಬರಿಗಾಲಲ್ಲೇ ಹೊಸ್ತಿಲು ದಾಟಿದಳು.

ಗ್ಯಾಸಿನವನು ಕತ್ತೆಯನ್ನು ಪಕ್ಕಕ್ಕೆ ಎಳೆದ. "ಏನಕ್ಕಾ, ನಿನ್ನ ಬೆನ್ನಿಗೂ ಹಬ್ಬ ಬಂತಾ? ಮಗಳು ಈಗ ತಾನೇ ಆ ತಿರುವು ದಾಟಿದ್ಲು."

"ನಜ್ಲಾ!" ತಾಯಿ ಬಾಗಿಲಿಗೆ ಓಡಿ ಬಂದಳು. "ಅಲ್ಲಿ ಊರಿನ ಹೆಂಗಸರೆಲ್ಲ ಇರ್ತಾರೆ ಕಣೇ!"

"ಇರ್ಲಿ ಅಂತಾನೇ ಹೋಗ್ತಿದ್ದೀನಿ," ನಜ್ಲಾ ತಿರುಗದೆ, ನಿಲ್ಲದೆ ಕೂಗಿದಳು. "ಮೊದಲು ಮಗಳ ಕೈ ಹಿಡ್ಕೋತೀನಿ, ಆಮೇಲೆ ಅವರೆಲ್ಲರ ಎದುರಿಗೆ ನಿನ್ನ ಹಾಜಿಯನ್ನ ಹೊರಗೆ ಕರೆದು, 'ಆ ಎಳ್ಳಿನ ಕೋಣೇಲಿ ನೀನು ನನಗೇನು ಮಾಡಿದೆ, ಹೇಳು' ಅಂತ ಕೇಳ್ತೀನಿ!"