ಬೀದಿಗೆಲ್ಲ ಓರೆ ಅಂಗಿ

ಊರಿನವರ ತಲೆ ನನ್ನ ಕೈಯಲ್ಲಿ, ಮೈ ಎದುರಂಗಡಿಯ ಟೈಲರ್ ಕೈಯಲ್ಲಿ ಅಂತ ನಾವಿಬ್ಬರೂ ಬೀಗುತ್ತಿದ್ದೆವು. ನನ್ನದು ಕ್ಷೌರದಂಗಡಿ. ಟೈಲರ್ ಅಂಗಡಿಯಲ್ಲಿ ಅಳತೆ, ಕಟಿಂಗ್ ಗಂಡನದು, ಹೊಲಿಗೆ ಇಬ್ಬರದೂ. ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಇಸ್ತ್ರಿ ಹಾಕುವುದು ಹೆಂಡತಿಯದು. ಬೀದಿಗೆಲ್ಲ ಆಕೆ ಅಕ್ಕ. ಕತ್ತರಿ ಮುಟ್ಟಲು ಹೋದರೆ ಅವನು, "ಅದೊಂದು ನನಗಿರಲಿ ಕಣೇ, ಎಲ್ಲ ಕಲಿತುಬಿಟ್ರೆ ನನ್ನನ್ನೇ ಓಡಿಸ್ತೀಯ" ಎನ್ನುತ್ತಿದ್ದ.

ಬೀದಿಯ ತುದಿಯಲ್ಲಿದ್ದ ಹಳೇ ಗೋದಾಮಿನ ಗೋಡೆ ಒಂದು ಮಧ್ಯಾಹ್ನ ಕುಸಿಯಿತು. ಅದರ ಪಕ್ಕ ನಿಂತಿದ್ದ ಟೈಲರ್, ಅವನಿಗೆ ಟೀ ಕೊಡಲು ಹೋಗಿದ್ದ ಟೀ ಅಂಗಡಿಯವನ ತಮ್ಮ, ಇಬ್ಬರೂ ಹೋದರು. ಕಲ್ಲು ಎತ್ತಿದವರಲ್ಲಿ ನಾನೂ ಒಬ್ಬ. ಅದರ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ.

ಸ್ವಲ್ಪ ದಿನಕ್ಕೆ ಅಕ್ಕನ ಅಣ್ಣ ಬಂದ. "ಅಂಗಡಿ ಮುಚ್ಚಿ ನಮ್ಮನೆಗೆ ಬಾ" ಎಂದ. ಒಳ್ಳೆಯವನೇ. ಆದರೆ ಅತ್ತಿಗೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಮುದುಕಿಯಾಗುವುದು ಅಕ್ಕನಿಗೆ ಬೇಕಿರಲಿಲ್ಲ.

"ಕತ್ತರಿಸೋಕೆ ಬರಲ್ಲ, ಅಂಗಡಿ ಹೇಗೆ ನಡೆಸ್ತೀಯ?"

"ಕಲೀತೀನಿ."

"ಯಾರ ಹತ್ರ?"

ಮಳೆಗಾಲ ಮುಗಿಯುವವರೆಗೂ ನೋಡು, ಆಮೇಲೆ ನಾನು ಹೇಳಿದ ಹಾಗೆ ಕೇಳಬೇಕು ಎಂದು ಹೇಳಿ ಅಣ್ಣ ಹೋದ.

ಮೂಟೆ ಹೊರುವ ಹಮಾಲಿ ಕಾಲರ್ ಬದಲಾಯಿಸಲು ಕೊಟ್ಟಿದ್ದ ಅಂಗಿಯೊಂದು ಅಂಗಡಿಯಲ್ಲಿತ್ತು. ಗಂಡನೇ ಹೊಲಿದದ್ದು. ಬಿಚ್ಚಲೇ ಎಂದು ಅಕ್ಕ ಕೇಳಿದಾಗ ಹಮಾಲಿ, "ಬಿಚ್ಚಕ್ಕ, ನನಗೆ ಬನಿಯನ್ನೇ ಸಾಕು" ಎಂದ. ಆಕೆ ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಡಿಸಿ, ತುಂಡುಗಳನ್ನು ಕಾಗದದ ಮೇಲಿಟ್ಟು ಗುರುತು ಹಾಕಿ, ಅಂಗಿಯನ್ನು ಮತ್ತೆ ಹೊಲಿದು ಹಮಾಲಿಗೆ ಕೊಟ್ಟಳು. ಆ ಕಾಗದವೇ ಆಕೆಯ ಗುರು. ಉದ್ದ, ಎದೆ ಸುತ್ತಳತೆಗೆ ನಮ್ಮ ಹಳೇ ಅಂಗಿ ಕೇಳುತ್ತಿದ್ದಳು. ಭುಜ ಮಾತ್ರ ಕಾಗದ ತೋರಿಸಿದ ಹಾಗೆ. ಗಂಡನ ಅಳತೆ ಟೇಪು ಮೊಳೆಯಲ್ಲಿ ನೇತಾಡುತ್ತಿತ್ತು. ಆಕೆ ಅದನ್ನು ಮುಟ್ಟುತ್ತಿರಲಿಲ್ಲ.

ಮೊದಲ ಅಂಗಿ ನನ್ನದು. ತೊಟ್ಟರೆ ಬಲಭುಜ ಜಾರಿ ಕೂತಿತು, ಕುತ್ತಿಗೆ ಒಂದು ಕಡೆ ಎಳೆಯಿತು.

"ಹೇಗಿದೆ?"

"ಅಕ್ಕ, ಇವತ್ತು ಯಾರಾದ್ರೂ ಹೆಣ್ಣು ಕೊಟ್ರೂ ಕೊಟ್ಟಾರು" ಎಂದೆ. ನನ್ನ ಹೆಂಡತಿ ಕೇಳಿಸಿಕೊಂಡು ಆಮೇಲೆ ತರಾಟೆಗೆ ತೆಗೆದುಕೊಂಡಳು, ಅದು ಬೇರೆ ಕಥೆ.

ಆಮೇಲೆ ಟೀ ಅಂಗಡಿಯವನು ಹೊಲಿಸಿದ, ಅಂಚೆಯವನು ಹೊಲಿಸಿದ. ಎಲ್ಲರ ಭುಜವೂ ಬಲಕ್ಕೆ ಇಳಿದಿತ್ತು. ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಆದರೆ ಯಾರೂ ತುಟಿಪಿಟಿಕ್ ಎನ್ನಲಿಲ್ಲ. ಅಂಚೆಯವನಂತೂ ಚೀಲವನ್ನು ಎಡಭುಜಕ್ಕೆ ಬದಲಾಯಿಸಿ ಸರಿದೂಗಿಸಿಕೊಂಡ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಭಾನುವಾರ ಅಕ್ಕ, ನನ್ನ ಗಿರಾಕಿಗಳಿಗೆ ಹೊದಿಸುವ ಬಟ್ಟೆಯ ಅಂಚು ಹೊಲಿದು ತಂದಳು. ಬೆಂಚಿನ ಮೇಲೆ ಹಮಾಲಿ, ಅಂಚೆಯವನು, ಟೀ ಅಂಗಡಿಯವನು ಸಾಲಾಗಿ ಕೂತಿದ್ದರು. ಅಕ್ಕ ಕನ್ನಡಿ ನೋಡಿದಳು. ಕನ್ನಡಿ ತುಂಬ ತಾನೇ ಹೊಲಿದ ಅಂಗಿಗಳು, ಎಲ್ಲವೂ ಒಂದೇ ಕಡೆ ವಾಲಿದ್ದವು. ಹಮಾಲಿಯ ಮೈ ಮೇಲೆ ಮಾತ್ರ ಅಂಗಿ ಎರಕ ಹೊಯ್ದ ಹಾಗೆ ಕೂತಿತ್ತು. ಮೂಟೆ ಹೊತ್ತು ಹೊತ್ತು ಅವನ ಬಲಭುಜ ಇಳಿದುಹೋಗಿತ್ತು. ಟೈಲರ್ ಅದನ್ನು ನೋಡಿ ಹಾಗೇ ಕತ್ತರಿಸಿದ್ದ.

ಅಕ್ಕನ ಮುಖ ಕೆಂಪಾಯಿತು. "ಇಷ್ಟು ದಿನ ನನ್ನನ್ನ ಹುಚ್ಚಿ ಮಾಡಿದ್ರಾ? ನನಗೆ ಯಾರ ಕನಿಕರಾನೂ ಬೇಡ. ಅಣ್ಣ ಹೇಳಿದ್ದೇ ಸರಿ, ನಾಳೆನೇ ಬೀಗ ಹಾಕ್ತೀನಿ."

ಟೀ ಅಂಗಡಿಯವನು ಎದ್ದ.

"ಅಕ್ಕ, ತಮ್ಮ ಹೋದ ಮೇಲೆ ಎಷ್ಟೋ ದಿನ ನಾನು ಟೀಗೆ ಸಕ್ಕರೆ ಹಾಕೋದೇ ಮರೀತಿದ್ದೆ. ಆಮೇಲೆ ಗೊತ್ತಾಯ್ತು. ನೀನು ದಿನಾ ಕುಡಿದೆ, ಒಂದಿನ ಹೇಳಿದ್ಯಾ? ಅದೂ ಕನಿಕರಾನಾ?"

ಅಕ್ಕ ಅವನನ್ನೇ ನೋಡಿದಳು. "ಸಕ್ಕರೆ ಇರಲಿಲ್ವಾ? ನನಗೆ ಗೊತ್ತೇ ಆಗಲಿಲ್ಲ ಕಣೋ" ಎಂದಳು.

ಹಾಗೆಂದು ಬೆಂಚಿನ ಮೇಲೆ ಕೂತು ಅತ್ತಳು. ಗೋಡೆ ಬಿದ್ದಂದಿನಿಂದ ಆಕೆ ನಮ್ಮೆದುರು ಅತ್ತಿರಲಿಲ್ಲ. ಟೀ ಅಂಗಡಿಯವನೂ ಅತ್ತ. ಅರ್ಧ ಬೋಳಿಸಿದ ಗಡ್ಡದ ಗಿರಾಕಿ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ. ಪಾಪ, ಅವನು ಬೇರೆ ಬೀದಿಯವನು.

ಆಮೇಲೆ ಅಕ್ಕ ಮೂಗು ಒರೆಸಿಕೊಂಡು ತನ್ನ ಅಂಗಡಿಗೆ ಹೋದಳು. ಬೀಗ ಹಾಕುತ್ತಾಳೇನೋ ಎಂದು ನಾವು ಬಾಗಿಲಲ್ಲಿ ನಿಂತು ನೋಡಿದೆವು. ಮೊಳೆಯಿಂದ ಟೇಪು ತೆಗೆದು ಕುತ್ತಿಗೆಗೆ ಹಾಕಿಕೊಂಡು ಬಂದಳು.

"ಎಲ್ರೂ ಅಂಗಿ ಬಿಚ್ಚಿ ಕೊಡಿ. ಒಬ್ಬೊಬ್ರೇ ಬನ್ನಿ, ನೆಟ್ಟಗೆ ನಿಂತ್ಕೊಳ್ಳಿ."

ಮೊದಲು ನಾನು ನಿಂತೆ. ಟೇಪಿನ ತುದಿ ನನ್ನ ಭುಜದ ಮೇಲೆ ಎರಡು ಸಲ ಜಾರಿತು, ಮೂರನೇ ಸಲ ನಿಂತಿತು.

ಮಳೆ ನಿಂತ ಮೇಲೆ ಅಣ್ಣ ಬಂದ. ತಂಗಿಯ ಸಾಮಾನು ಸಾಗಿಸಲು ಗಾಡಿಯನ್ನೂ ತಂದಿದ್ದ. ಅಕ್ಕ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಅಳತೆ ತೆಗೆದಳು. ಗಾಡಿ ಬರಿದಾಗಿಯೇ ವಾಪಸು ಹೋಯಿತು.