ಚಿಕ್ಕಸಿದ್ದಮ್ಮ ಕರೆಯದೆ ಬಿಟ್ಟ ಮನೆ

ಹನಗೋಡಿನ ಚಿಕ್ಕಸಿದ್ದಮ್ಮ ಯಾರೋ ಕೊಟ್ಟ ಬೆಳ್ಳಿ ಕಾಲುಂಗುರಕ್ಕೆ ಮರುಳಾಗಿ ಚಾಮುಂಡಮ್ಮನ ಮನೆಯನ್ನು ಮದುವೆಗೆ ಕರೆಯದೆ ಬಿಟ್ಟಳೆಂದು ೧೯೩೬ರ ಬೇಸಗೆಯಲ್ಲಿ ಹೊಳೆಗೆ ಬಟ್ಟೆ ಒಗೆಯಲು ಬಂದವರೆಲ್ಲ ಆಡಿಕೊಂಡರು. ಅದು ಸುಳ್ಳು. ಅವಳು ನಿಜಕ್ಕೂ ಮರೆತಿದ್ದಳು, ಅದೂ ಸತತ ಮೂರು ಮದುವೆಗಳಲ್ಲಿ, ಅದೊಂದೇ ಮನೆಯನ್ನು.

ಊರಿನಲ್ಲಿ ಯಾರ ಮದುವೆಯಾದರೂ ಎಲೆಯಡಿಕೆ ಹಿಡಿದು ಮನೆಮನೆಗೆ ಹೋಗಿ ಕರೆಯುವ ಕೆಲಸ ಇಪ್ಪತ್ತು ವರ್ಷಗಳಿಂದ ಅವಳದು. ಕರೆಯದ ಮನೆಯವರು ಊಟಕ್ಕೆ ಬರುವುದಿಲ್ಲ. ಮುಖ ಕೊಟ್ಟು ಮಾತನಾಡುವುದೂ ಇಲ್ಲ.

"ಇನ್ನೊಂದ್ಸಲ ಇಂಗಾದ್ರೆ ಬೇರೆಯೋರ್ನ ಕಳುಸ್ತೀವಿ ಕಣವ್ವ," ಎಂದುಬಿಟ್ಟ ಊರ ಯಜಮಾನ ಅಂಕಯ್ಯ.

ಆ ಕೆಲಸ ಬಿಟ್ಟುಕೊಡುವವಳಲ್ಲ ಚಿಕ್ಕಸಿದ್ದಮ್ಮ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಬಂದಿದ್ದ ಮೇಷ್ಟ್ರು ಗಂಗಾಧರಪ್ಪನವರ ಬಳಿಗೆ ಹೋದಳು.

"ನೆಪ್ಪಿಗೊಂದು ಔಸ್ದಿ ಇದ್ರೆ ಕೊಡ್ರಿ ಮೇಷ್ಟ್ರೇ."

"ನಿಮ್ಮ ನೆನಪು ಚೆನ್ನಾಗಿಯೇ ಇದೆಯಮ್ಮ. ಮರೆಯೋದೂ ಮನಸ್ಸು ಮಾಡುವ ಕೆಲಸವೇ. ನಮಗೇ ತಿಳಿಯದ ಆಸೆಯೊಂದು ಒಳಗೆ ಕೂತು ಮಾಡಿಸುತ್ತೆ. ಎಲ್ಲಿ, ಮೇಲಿನ ಬೀದಿಯ ಮನೆಗಳನ್ನ ಸಾಲಾಗಿ ಹೇಳಿ, ತಡೀಬೇಡಿ."

"ಸಿದ್ದಯ್ಯನೋರ ಮನೆ, ಕಂಠಪ್ಪನೋರ ಮನೆ, ನಮ್ಮನೆ, ಗಾಣದೋರ ಮನೆ..."

"ನಿಮ್ಮನೆ ಇರೋದು ಕೆಳಗಿನ ಬೀದೀಲಲ್ಲವಾ?"

ಚಿಕ್ಕಸಿದ್ದಮ್ಮ ಬಾಯಿಗೆ ಸೆರಗು ಹಿಡಿದಳು. ಕಂಠಪ್ಪನ ಪಕ್ಕದ್ದು ಚಾಮುಂಡಮ್ಮನ ಮನೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಆ ಮನೆಗೇ ಚಿಕ್ಕಸಿದ್ದಮ್ಮನ ಸಂಬಂಧ ನಿಶ್ಚಯವಾಗಿತ್ತು. ವೀಳ್ಯಶಾಸ್ತ್ರವಾದ ಮೇಲೆ ಗಂಡಿನವರು ಮನಸ್ಸು ಬದಲಿಸಿ ಚಾಮುಂಡಮ್ಮನನ್ನು ಸೊಸೆಯಾಗಿ ತಂದುಕೊಂಡರು. ಚಿಕ್ಕಸಿದ್ದಮ್ಮ ಅಳಲಿಲ್ಲ. ಕೆಳಗಿನ ಬೀದಿಯ ಸೊಸೆಯಾಗಿ ಚೆನ್ನಾಗಿಯೇ ಬಾಳಿದಳು; ಚಾಮುಂಡಮ್ಮನ ಜೊತೆ ನಾಟಿಯಲ್ಲಿ ಹಾಡಿದಳು. ಹಿಂದಿನ ವರ್ಷ ಆ ಮನೆಯ ಅತ್ತೆ ತೀರಿಕೊಂಡು ಬೀಗದಕೈ ಚಾಮುಂಡಮ್ಮನ ಸೊಂಟಕ್ಕೆ ಬಂತು. ಮರೆವು ಶುರುವಾದದ್ದೂ ಆಗಲೇ. ಒಳಗಿನ ಹದಿನಾಲ್ಕರ ಹುಡುಗಿ ಆ ಮನೆಯ ಯಜಮಾನಿಕೆಯನ್ನು ಬಿಟ್ಟುಕೊಟ್ಟಿರಲಿಲ್ಲ. ತನ್ನ ಮನೆಗೆ ತಾನೇ ಎಲೆಯಡಿಕೆ ಕೊಡುವವರುಂಟೆ?

ಅಂದೇ ಮಧ್ಯಾಹ್ನ, ಮುಂದಿನ ಮದುವೆಯ ಎಲೆಯಡಿಕೆ ಹಿಡಿದು, ನೆಟ್ಟಗೆ ಚಾಮುಂಡಮ್ಮನ ಜಗುಲಿ ಹತ್ತಿದಳು.

"ಈ ಮನೆ ನಂದೇ ಅನ್ಕೊಂಡು ಕರೀದೆ ಬುಟ್ಬುಟ್ಟೆ ಕಣವ್ವ. ಆ ಆಸೆ ಒಳಗೇ ಇತ್ತು, ನಂಗೇ ಗೊತ್ತಿರ್ನಿಲ್ಲ."

ಚಾಮುಂಡಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ಅವಳನ್ನೇ ನೋಡಿದಳು.

"ನಿಂದೇನಮ್ಮಿ? ಅಂಗಾದ್ರೆ ಬಾ, ಮೊದ್ಲು ಕೊಟ್ಟಿಗೆ ಬಾಚು. ಒಳಗೆ ಗಂಡ ಅನ್ನೋದು ಗೊರ್ಕೆ ಹೊಡೀತಾ ಮಲಗೈತಲ್ಲ, ಓಗ್ತಾ ಅದ್ನೂ ಕರ್ಕೊಂಡೋಗು!"

ನಕ್ಕು, ಕೈಯೊಡ್ಡಿ ಎಲೆಯಡಿಕೆ ತೆಗೆದುಕೊಂಡಳು.

ಹನಗೋಡಿನಲ್ಲಿ ಕರೆಯುವ ಕೆಲಸ ಆಮೇಲೂ ಚಿಕ್ಕಸಿದ್ದಮ್ಮನದೇ ಆಯಿತು. ಅವಳು ಚಾಮುಂಡಮ್ಮನ ಮನೆಯಿಂದಲೇ ಶುರುಮಾಡುತ್ತಿದ್ದಳು. ಕರೆಯದೆ ಬಿಡುತ್ತಿದ್ದುದು ಕೆಳಗಿನ ಬೀದಿಯ ತನ್ನ ಮನೆಯೊಂದನ್ನು ಮಾತ್ರ.