ಮುನಿಗಂಗಮ್ಮನವರ ಸಕ್ಕರೆ ಅಚ್ಚು

ನಮ್ಮತ್ತೆ ಮುನಿಗಂಗಮ್ಮನವರ ಬೆರಳುಗಳಿಗೆ ಬಿಸಿ ತಿಳಿಯುವುದಿಲ್ಲ. ಶಿಡ್ಲಘಟ್ಟದಲ್ಲಿ ಮೂವತ್ತೊಂದು ವರ್ಷ ಕುದಿಯುವ ನೀರಿನಲ್ಲಿ ಕೈಯಾಡಿಸಿ, ರೇಷ್ಮೆಗೂಡಿನ ಎಳೆ ಹುಡುಕಿ ನೂಲು ಬಿಚ್ಚಿದ ಬೆರಳುಗಳು ಅವು. ತುದಿಯ ಚರ್ಮ ಬೆಂದು ಬೆಂದು ದಪ್ಪಗಾಗಿದೆ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಾರೆ. ಮೊದಮೊದಲು ನೋಡಿ ಹೆದರುತ್ತಿದ್ದೆ, ಈಗ ಹೊಟ್ಟೆಕಿಚ್ಚಾಗುತ್ತದೆ.

ಅವರು ಹುಟ್ಟಿದ್ದು ಕೆಂಚಾರ್ಲಹಳ್ಳಿಯ ಕೇರಿಯಲ್ಲಿ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದರು. ಗಂಡ ಬೇಗ ತೀರಿಕೊಂಡ ಮೇಲೆ ಆ ಬಿಸಿನೀರಿನ ತೊಟ್ಟಿಯ ಮುಂದೆ ಕೂತೇ ಮಗ ಜಗನ್‌ನನ್ನು, ಅಂದರೆ ನನ್ನ ಗಂಡನನ್ನು, ಓದಿಸಿದರು. ಸಂಕ್ರಾಂತಿಗೆ ಮಾಲೀಕರ ಮನೆಯವರು ಕೆಲಸದವರಿಗೆ ಎಳ್ಳು ಬೆಲ್ಲ ಕೊಡುತ್ತಿದ್ದರಂತೆ. ಇವರು ಸೆರಗೊಡ್ಡಬೇಕು, ಅವರು ಮೇಲಿನಿಂದ ಸುರಿಯಬೇಕು. ಸಕ್ಕರೆ ಅಚ್ಚು ಮಾಡುವುದನ್ನು ಅತ್ತೆ ಕಲಿತದ್ದೂ ಅದೇ ಮನೆಯ ಹಿತ್ತಲಲ್ಲಿ, ಬೇಲಿಯಾಚೆ ನಿಂತು ನೋಡಿ. ಅಷ್ಟು ವರ್ಷಗಳಲ್ಲಿ ಆ ಬೀದಿಯ ಒಂದು ಮನೆಗೂ ಅವರು ಎಳ್ಳು ಬೀರಲು ಹೋದವರಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಜಗನ್‌ಗೆ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ಗೌರಿಬಿದನೂರಿನಲ್ಲಿ ಮನೆ ಮಾಡಿದೆವು. ಅತ್ತೆಯೂ ಬಂದರು. ಬೀದಿಯಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಬಾಯಿತುಂಬ ಮಾತಾಡಿಸುತ್ತಾರೆ. ನಮ್ಮ ನಡುಮನೆಯಲ್ಲಿ ಬುದ್ಧನ ಪಟ ನೋಡಿದ ಮೇಲೆ ‘ನೀವು ಯಾವ ಜನ’ ಎಂದು ಒಬ್ಬರೂ ಕೇಳಲಿಲ್ಲ. 2006ರ ಸಂಕ್ರಾಂತಿಯಂದು ಐದು ವರ್ಷದ ನಮ್ಮ ಮಗಳು ಸಂಘಮಿತ್ರ ಹೊಸ ಲಂಗ ಹಾಕಿಕೊಂಡು ಎದುರುಮನೆಯ ವರಲಕ್ಷ್ಮಮ್ಮನವರಿಗೆ ಎಳ್ಳು ಕೊಟ್ಟು ಬಂದಳು. ಸ್ವಲ್ಪ ಹೊತ್ತಿಗೆ ಅವರ ಹಸುವನ್ನು ನೋಡಲು ಹೋದವಳು ಅಳುತ್ತಾ ವಾಪಸಾದಳು. ಅವಳು ಕೊಟ್ಟದ್ದೆಲ್ಲ ಕಲಗಚ್ಚಿನ ಬಾನಿಯಲ್ಲಿ ತೇಲುತ್ತಿತ್ತು.

ಮರುವರ್ಷ ಜನವರಿ ಬರುತ್ತಲೇ ಮಗಳು, “ನಾನು ಯಾರ ಮನೆಗೂ ಹೋಗಲ್ಲ” ಎಂದುಬಿಟ್ಟಳು. ಜಗನ್ ಅವಳ ಕಡೆ ಸೇರಿಕೊಂಡರು.

“ನಾವು ಬೌದ್ಧರಮ್ಮ. ಅವರ ಹಬ್ಬ ನಮಗ್ಯಾಕೆ, ಬಿಟ್ಬಿಡು.”

“ಅವರ ಹಬ್ಬ ಹೆಂಗಾಯ್ತಪ್ಪ?” ಎಂದರು ಅತ್ತೆ. “ಎಳ್ಳು ಬಡಿದೋರು ನಾವು, ಕಬ್ಬು ಕಡಿದೋರು ನಾವು. ಸಕ್ಕರೆ ತಿನ್ಬೇಡಿ ಅಂತ ಬುದ್ಧ ಎಲ್ಲಾದ್ರೂ ಹೇಳವ್ನಾ? ನನ್ನ ಮೊಮ್ಮಗಳು ಹೆದರ್ಕೊಂಡು ಮನೇಲಿ ಕೂತ್ರೆ, ನಾನು ಅಷ್ಟು ವರ್ಷ ಕೈ ಬೇಯಿಸ್ಕೊಂಡಿದ್ದು ಯಾತಕ್ಕೆ?”

ಜಗನ್ ಪೇಪರ್ ಹಿಡಿದು ಮುಖ ಮುಚ್ಚಿಕೊಂಡರು. ಅಮ್ಮನ ದನಿ ಏರಿದರೆ ಅವರು ಮಾಡುವುದು ಅಷ್ಟೇ.

ಅತ್ತೆ ಸೀಮೆಎಣ್ಣೆ ಸ್ಟವ್ ಎತ್ತಿಕೊಂಡು ನೇರ ಮುಂದಿನ ಜಗಲಿಗೆ ನಡೆದರು. “ಒಳಗೇ ಮಾಡೋಣ ಅತ್ತೆ, ಎಲ್ಲರೂ ನೋಡ್ತಾರೆ” ಎಂದೆ ನಾನು. “ನೋಡ್ಲಿ. ನಾವೇನು ಕದ್ದು ತಂದಿದ್ದೀವಾ?” ಎಂದರು.

ಸಕ್ಕರೆ ಕುದಿಸಿ, ಹಾಲು ಬಿಟ್ಟು ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿದರು. ನೀರಿನಲ್ಲಿ ನೆನೆಸಿಟ್ಟ ಮರದ ಅಚ್ಚುಗಳನ್ನು ಜೋಡಿಸಿ ದಾರ ಬಿಗಿದರು. ಪಾಕವನ್ನು ಎರಡು ಬೆರಳ ನಡುವೆ ಹಿಡಿದು ಎಳೆ ನೋಡುವುದು ಅವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಸೌಟಿನಲ್ಲಿ ತಿರುವಿ, ಅಂಚು ಬೆಳ್ಳಗಾದ ಕೂಡಲೇ ಅಚ್ಚಿಗೆ ಹುಯ್ದರು. ಆದರೆ ಬಿಚ್ಚಿದರೆ ನವಿಲಿಗೆ ಕತ್ತಿಲ್ಲ, ಆನೆಗೆ ಕಾಲಿಲ್ಲ. ಮತ್ತೆ ಹುಯ್ದರು, ಮತ್ತೆ ಮುರಿಯಿತು. ಸಕ್ಕರೆಯೇ ಸರಿಯಿಲ್ಲವೆಂದು ಅಂಗಡಿಯ ಚೆನ್ನರಾಯಪ್ಪನಿಗೆ ಸಹಸ್ರನಾಮ ಮಾಡಿದರು. ಎದುರುಮನೆಯ ಕಿಟಕಿಯ ಪರದೆ ಸರಿದದ್ದನ್ನು ನಾನು ಕಂಡೆ.

ಹೊಸಲಿನ ಮೇಲೆ ಮುಖ ತಿರುಗಿಸಿ ಕೂತಿದ್ದ ಮಗಳು ಎದ್ದು ಬಂದು ಅಚ್ಚನ್ನು ಮುಟ್ಟಿದಳು, ತಟ್ಟನೆ ಕೈ ಎಳೆದುಕೊಂಡಳು.

“ಅಜ್ಜಿ, ಇದಿನ್ನೂ ಸುಡ್ತೈತೆ.”

“ಆರೈತಲ್ಲಮ್ಮ.”

“ನಿನ್ನ ಕೈಗೆ ಗೊತ್ತಾಗಲ್ಲ. ನಾನು ಹೇಳೋ ತನಕ ಬಿಚ್ಬೇಡ.”

ಅತ್ತೆ ಒಂದು ಗಳಿಗೆ ತಮ್ಮ ಬೆರಳುಗಳನ್ನೇ ನೋಡಿಕೊಂಡರು. “ಆಯ್ತು ಕಣಮ್ಮ ಯಜಮಾನಿ” ಎಂದರು. ಆಮೇಲೆ ಎಳೆ ನೋಡುವುದು ಅಜ್ಜಿ, ಬಿಸಿ ನೋಡುವುದು ಮೊಮ್ಮಗಳು. ಅವಳು ಅಚ್ಚನ್ನು ಕೆನ್ನೆಗೆ ಒತ್ತಿಕೊಂಡು ‘ಬಿಚ್ಚು’ ಎಂದ ಮೇಲೆಯೇ ಅತ್ತೆ ದಾರ ಬಿಚ್ಚುತ್ತಿದ್ದರು. ಒಂದೂ ಮುರಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊರದ ತುಂಬ ಹಾಲಿನ ಬಣ್ಣದ ಗಿಳಿ, ಮೀನು, ಗೋಪುರ. ಬೀದಿಯ ಮಕ್ಕಳೆಲ್ಲ ಜಗಲಿಯ ಸುತ್ತ ನಿಂತಿದ್ದರು. ಯಾರ ಮನೆಗೂ ಹೋಗುವುದಿಲ್ಲ ಎಂದವಳು ಈಗ, “ಇವನ್ನ ನಾನೇ ಕೊಡ್ತೀನಿ, ನಾನು ಮಾಡಿದ್ದು” ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಹಬ್ಬದ ಸಂಜೆ ತಟ್ಟೆ ಹಿಡಿದು ಹೊರಟಳು, ಜೊತೆಗೆ ನಾನೂ ಅತ್ತೆಯೂ. ಮೊದಲು ಎದುರುಮನೆಗೇ ಎಂದವಳೂ ಅವಳೇ. ಈ ಸಲವೂ ಅವಳು ಅಳುತ್ತಾ ಬಂದರೆ ಇನ್ನು ಯಾವ ಬಾಗಿಲನ್ನೂ ತಟ್ಟಲಾರಳು ಎಂದು ನನಗೆ ಗೊತ್ತಿತ್ತು. “ಪಾ, ಚೂದ್ದಾಂ,” ಬಾ, ನೋಡೇಬಿಡೋಣ ಎನ್ನುತ್ತಾ ಅತ್ತೆ ತೆಲುಗಿಗೆ ಹೊರಳಿದರು. ಸಿಟ್ಟು ಬಂದಾಗ ಅವರ ಬಾಯಲ್ಲಿ ತೆಲುಗೇ ಬರುವುದು.

ವರಲಕ್ಷ್ಮಮ್ಮ ನಗುತ್ತಲೇ ಬಾಗಿಲಿಗೆ ಬಂದರು. “ಕೊಡಮ್ಮ, ಒಳಗಿಡ್ತೀನಿ” ಎಂದು ಕೈ ಚಾಚಿದರು. ಮಗಳು ತಟ್ಟೆ ಬಿಡಲಿಲ್ಲ.

“ಒಂದು ತಿನ್ನಿ. ಆಮೇಲೆ ಕೊಡ್ತೀನಿ.”

“ಈಗ ತಾನೆ ಊಟ ಆಯ್ತಮ್ಮ, ಹೊಟ್ಟೆ ತುಂಬಿದೆ.”

“ಹೋದ ವರ್ಷ ನಿಮ್ಮ ಹಸು ತಿಂತು. ನಾನು ನೋಡಿದೆ.”

ವರಲಕ್ಷ್ಮಮ್ಮ ನನ್ನ ಕಡೆ ನೋಡಿದರು. ನಾನು ಮಗುವನ್ನು ಗದರಿಸುತ್ತೇನೆಂದು ಕಾದರು. ನಾಚಿಕೆ ಬಿಟ್ಟು ಹೇಳುತ್ತೇನೆ, ‘ದೊಡ್ಡೋರಿಗೆ ಹಂಗೆಲ್ಲ ಅನ್ಬಾರದು’ ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಅತ್ತೆ ನನ್ನ ತೋಳು ಹಿಡಿದರು, ಗಟ್ಟಿಯಾಗಿ. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ವರಲಕ್ಷ್ಮಮ್ಮ ತಟ್ಟೆಯನ್ನೂ ಬೀದಿಯನ್ನೂ ನೋಡಿದರು. ಒಂದನ್ನು ತೆಗೆದು ಬಾಯಿಗಿಡಲು ಕೈ ಮಾತ್ರ ಮುಂದೆ ಬರಲಿಲ್ಲ.

ಮಗಳು ತಟ್ಟೆಗೆ ಬಟ್ಟೆ ಮುಚ್ಚಿದಳು.

“ಏಯ್, ಹಬ್ಬದ ದಿನ ತಂದಿದ್ದನ್ನ ಕೊಡ್ದೆ ವಾಪಸ್ ತಗೊಂಡು ಹೋಗ್ತಾರಾ?” ಎಂದರು ವರಲಕ್ಷ್ಮಮ್ಮ.

“ಹೊಟ್ಟೆ ತುಂಬಿದೆ ಅಂದ್ರಲ್ಲ ಆಂಟಿ,” ಎಂದಳು ಮಗಳು, ಆಗಲೇ ಮೆಟ್ಟಿಲಿಳಿಯುತ್ತಾ. “ಹಸಿವಾದಾಗ ನಮ್ಮನೆಗೆ ಬನ್ನಿ. ಅಲ್ಲೇ ಕೂತ್ಕೊಂಡು ತಿನ್ನಿ, ಕೊಡ್ತೀನಿ.”